ಸಹಾಯ ಬೇಕು: ಸಾಗರದಿಂದ ತೀರ್ಥಹಳ್ಳಿಗೆ ಒಳದಾರಿ

ಮಲೆನಾಡಿನವರು ಯಾರಾದ್ರೂ ಸ್ವಲ್ಪ ದಾರಿ ಹೇಳಿ. ದಸರಾ ರಜೆಗೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹಳೇ ಆಲ್ಟೋದಲ್ಲಿ ಹೊರಟಿದ್ದೇವೆ, ಹೆದ್ದಾರಿ ಬೇಡ. ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ಸಿಗಂದೂರಿಗೆ ಲಾಂಚ್ ಕಾಯುವ ಗೋಜಿಲ್ಲ ಅಲ್ವಾ (ಅಮ್ಮನಿಗೆ ಲಾಂಚೇ ಬೇಕಿತ್ತಂತೆ!), ಹಾಗೇ ತುಮರಿ, ನಿಟ್ಟೂರು, ಸಂಪೇಕಟ್ಟೆ ದಾಟಿ ನಗರ ಅನ್ನೋ ಊರಿನ ಕೋಟೆ, ದೇವಗಂಗೆ ಕೊಳ ನೋಡಿಕೊಂಡು ತೀರ್ಥಹಳ್ಳಿ ಕಡೆ ತಿರುಗೋಣ ಅಂತಿದ್ದೇವೆ. ನಿಟ್ಟೂರಿಂದ ನಗರದವರೆಗೆ ರಸ್ತೆ ಮಳೆಗೆ ಕಿತ್ತುಹೋಗಿದೆಯಾ? ಕಾರಿನ ತಳ ಕಲ್ಲಿಗೆ ತಾಗದೆ ಹೋಗಬಹುದಾ? ಗೂಗಲ್ ಮ್ಯಾಪ್ ನಂಬಿದರೆ ಯಾರದೋ ಅಡಿಕೆ ತೋಟದ ಉಣುಗೋಲಿನ ಮುಂದೆ ನಿಲ್ಲಿಸುತ್ತದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಅಪ್ಪನಿಗೆ ಮಂಡಿ ನೋವು, ಹಾಗಾಗಿ ಕವಲೇದುರ್ಗ ಹತ್ತಲ್ಲ. ನಗರದ ಕೋಟೆ ರಸ್ತೆ ಪಕ್ಕದಲ್ಲೇ ಇರೋದು ಪುಣ್ಯ. ಸಾಗರ ಬಿಟ್ಟರೆ ಪೆಟ್ರೋಲ್ ಎಲ್ಲಿ ಸಿಗುತ್ತದೆ? ಮಧ್ಯಾಹ್ನದ ಊಟಕ್ಕೆ ಒಳ್ಳೆ ಖಾನಾವಳಿ ಇದ್ದರೆ ಅದನ್ನೂ ಹೇಳಿ.