ಸಹಾಯ ಬೇಕು: ಶಿರಸಿಯಿಂದ ಮಿರ್ಜಾನ್ ಕೋಟೆಗೆ ಮಣ್ಣಿನ ದಾರಿಯಲ್ಲಿ ಸೈಕಲ್

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ನಾನು ಮತ್ತು ಭಾವ ಗ್ರಾವೆಲ್ ಸೈಕಲ್‌ನಲ್ಲಿ (ಮಣ್ಣು, ಜಲ್ಲಿ ದಾರಿಗೂ ಆಗುವ ಸೈಕಲ್) ಶಿರಸಿಯಿಂದ ಹೊರಡುತ್ತಿದ್ದೇವೆ. ಮೊದಲ ದಿನ ಯಾಣ, ಎರಡನೇ ದಿನ ವಿಭೂತಿ ಜಲಪಾತ ನೋಡಿ, ಘಟ್ಟ ಇಳಿದು, ಕುಮಟಾ ಮೇಲೆ ಮಿರ್ಜಾನ್ ಕೋಟೆ. ಶಾಲ್ಮಲಾ ನದಿಯ ಸಹಸ್ರಲಿಂಗಕ್ಕೂ ಆಸೆಯಿದೆ, ಆದರೆ ಅದು ಯಲ್ಲಾಪುರದ ಕಡೆ. ಸುತ್ತು ಜಾಸ್ತಿಯಾಗುತ್ತದೆ ಅಲ್ವಾ?

ದೇವಿಮನೆ ಘಟ್ಟದ ಡಾಂಬರು ರಸ್ತೆ ಗೊತ್ತು. ಲಾರಿಗಳ ನಡುವೆ ಹೋಗಲು ಮನಸ್ಸಿಲ್ಲ. ಅಡಿಕೆ ತೋಟ, ಬೆಟ್ಟದ ಅಂಚಿನ ಕೆಂಪು ಮಣ್ಣಿನ ದಾರಿಯೇ ಬೇಕು. ಹಳ್ಳಿಯವರು ಬೈಕ್ ಓಡಿಸುವ ದಾರಿಯಾದರೂ ಸಾಕು. ಮಳೆ ನಿಂತ ಮೇಲೆ ಯಾವುದು ಕೊಚ್ಚಿಹೋಗದೆ ಉಳಿದಿರುತ್ತದೆ, ಎಲ್ಲಿ ಕಾಲುಸಂಕ (ಹಳ್ಳದ ಮೇಲಿನ ಕಿರುಸೇತುವೆ) ದಾಟಬೇಕು ಎಂದು ಅಲ್ಲಿಯವರೇ ಹೇಳಬೇಕು. ಮ್ಯಾಪ್ ನಂಬಿ ಹೋಗಿ ಕಳೆದ ವರ್ಷ ಒಬ್ಬರ ತೋಟದ ಬೇಲಿಗೆ ಬಂದು ನಿಂತಿದ್ದೆವು. ಚೂಪು ಜಲ್ಲಿಗೆ ಟೈರಿನ ಪಕ್ಕ ಸೀಳಿ ಆರು ಕಿಲೋಮೀಟರ್ ತಳ್ಳಿದೆ. ಈಗ 40 ಎಂಎಂ ಅಗಲದ ಟೈರ್ ಹಾಕಿಸಿದ್ದೇನೆ, ಸಾಕಾ?

ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಕೆಳಗೆ ಬೆಳಗಿನ ಮಂಜಿನಲ್ಲಿ ನಿಲ್ಲಬೇಕೆಂಬುದು ನನ್ನ ಬಹಳ ದಿನದ ಆಸೆ. ಹಾಗಾಗಿ ಹತ್ತಿರದಲ್ಲಿ ಊಟ, ಒಂದು ರಾತ್ರಿ ತಂಗಲು ಜಾಗ ಗೊತ್ತಿದ್ದರೆ ತಿಳಿಸಿ. ಸೈಕಲ್ ಒಳಗೆ ಇಡಲು ಬಿಟ್ಟರೆ ಇನ್ನೂ ಒಳ್ಳೆಯದು. ಕಾಡಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕಾ, ಯಾರನ್ನು ಕೇಳಬೇಕು?