ಬ್ಲಡ್ ಟೆಸ್ಟ್ ಅಂದ್ರೆ ಹೆದರುವ ಮಗುವಿಗೆ ಎಆರ್ ಆ್ಯಪ್: ಯಾರಾದರೂ ಬಳಸಿದ್ದೀರಾ?

ಶಿವಮೊಗ್ಗದ_ಅಮ್ಮ:

ನನ್ನ ಮಗನಿಗೆ 6 ವರ್ಷ, ಥಲಸ್ಸೀಮಿಯಾ ಇದೆ, ಅಂದರೆ ಮೈಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ಆಗಲ್ಲ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಪ್ರತಿ ಸಲ ಅದಕ್ಕೂ ಮೊದಲು ಹಿಮೋಗ್ಲೋಬಿನ್ ನೋಡೋಕೆ, ಹಾಕುವ ರಕ್ತ ಹೊಂದುತ್ತಾ ನೋಡುವ ಕ್ರಾಸ್ ಮ್ಯಾಚ್ ಮಾಡೋಕೆ ಅಂತ ರಕ್ತ ತೆಗೆಯುತ್ತಾರೆ. ಚಿಕ್ಕವನಿದ್ದಾಗ ಸ್ವಲ್ಪ ಅತ್ತು ಸುಮ್ಮನಾಗುತ್ತಿದ್ದ. ಈಗ ಸ್ಪಿರಿಟ್ ವಾಸನೆ ಬಂದರೆ ಸಾಕು, ಎರಡೂ ಕೈ ಕಂಕುಳಲ್ಲಿ ಬಚ್ಚಿಟ್ಟುಕೊಂಡು ನನ್ನ ವೇಲ್ ಒಳಗೆ ಮುಖ ಹುದುಗಿಸುತ್ತಾನೆ. ಆಮೇಲೆ ಇಬ್ಬರು ಮೂವರು ಹಿಡಿದು ಮಲಗಿಸಿ ತೆಗೆಯಬೇಕು. ಹಿಂದಿನ ರಾತ್ರಿಯಿಂದಲೇ "ಅಮ್ಮ, ನಾಳೆ ಚುಚ್ಚುತ್ತಾರಾ?" ಅಂತ ಶುರು. ಇದು ಇನ್ನೂ ವರ್ಷಗಟ್ಟಲೆ ಇರುವಂಥದ್ದು, ಪ್ರತಿ ಸಲ ಹೀಗೆ ಹಿಡಿದು ಮಾಡಿಸೋದು ನನಗೆ ಬೇಡವೇ ಬೇಡ.

ಹೊರದೇಶದ ಮಕ್ಕಳ ಆಸ್ಪತ್ರೆಗಳಲ್ಲಿ ಆಗ್ಮೆಂಟೆಡ್ ರಿಯಾಲಿಟಿ (ಎಆರ್, ಕ್ಯಾಮೆರಾದಲ್ಲಿ ಕಾಣುವ ನಿಜವಾದ ಜಾಗದಲ್ಲೇ ಪ್ರಾಣಿ, ಗೊಂಬೆ ಮೂಡಿಸೋದು) ತೋರಿಸಿ ರಕ್ತ ತೆಗೆಯುತ್ತಾರಂತೆ. 2020ರ ಲಾಕ್‌ಡೌನ್‌ನಲ್ಲಿ ಗೂಗಲ್‌ನಿಂದ ಹುಲಿ ತಂದು ಹಾಲ್‌ನಲ್ಲಿ ನಿಲ್ಲಿಸುತ್ತಿದ್ದೆವಲ್ಲ, ಆ ಥರದ್ದು ಫೋನ್‌ನಲ್ಲೇ ಆಗುತ್ತಾ? ಇಲ್ಲ ಕಣ್ಣಿಗೆ ಹಾಕುವ ಹೆಡ್‌ಸೆಟ್ಟೇ ಬೇಕಾ? ನಿಜವಾಗಿ ಉಪಯೋಗ ಇದೆಯಾ?

ಲ್ಯಾಬ್_ಮಂಜು, ಮೈಸೂರು:

ಅಕ್ಕ, ನಾನು ದಿನಾ ಮಕ್ಕಳ ರಕ್ತ ತೆಗೆಯುವವನು. ಫೋನ್ ಸಾಕು. ಆದರೆ ನೀವು ಕೈಗೆ ಕೊಟ್ಟು ಸುಮ್ಮನೆ ಕೂತರೆ ಆಗಲ್ಲ, ಸ್ವಲ್ಪ ತಯಾರಿ ಬೇಕು.

ಫೋನ್‌ನ ಎಆರ್‌ಗೆ ಮೊದಲು ನೆಲ ಗುರುತು ಸಿಗಬೇಕು. ನಮ್ಮ ಲ್ಯಾಬ್‌ಗಳಲ್ಲಿ ಇರೋದು ಬಿಳಿ ಹೊಳಪಿನ ಟೈಲ್ಸ್, ಅದರಲ್ಲಿ ಕ್ಯಾಮೆರಾಗೆ ಹಿಡಿತಕ್ಕೆ ಏನೂ ಸಿಗಲ್ಲ, ಪ್ರಾಣಿ ಬರೋದೇ ಇಲ್ಲ, ಇಲ್ಲಾಂದ್ರೆ ಬಂದು ತೇಲಿ ಹೋಗುತ್ತೆ. ಗೆರೆಯೋ ಹೂವೋ ಇರುವ ಟವೆಲ್ ಒಂದು ತಂದು ನೆಲಕ್ಕೆ ಹಾಸಿ, ತಕ್ಷಣ ಹಿಡಿಯುತ್ತೆ. ಆ್ಯಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ನೆಲಮಾಳಿಗೆಯ ಲ್ಯಾಬ್‌ಗಳಲ್ಲಿ ನೆಟ್‌ವರ್ಕ್ ಇರಲ್ಲ.

ಟವೆಲ್ ಹಾಸೋದು ಸೂಜಿ ಹಾಕುವ ಕೈಗೆ ಎದುರು ಬದಿಯಲ್ಲಿ. ಫೋನ್ ಹಿಡಿಯೋದು ನೀವು, ಅವನು ಇನ್ನೊಂದು ಕೈಯ ಬೆರಳಲ್ಲಿ ಒತ್ತಲಿ. ಎದ್ದು ಓಡಾಡಿ ಹಿಡಿಯುವ ಆಟ ಬೇಡ, ಬೆರಳು ಮಾತ್ರ ಆಡುವಂಥದ್ದು ಇರಲಿ, ಯಾಕೆಂದರೆ ಮಗು ಖುಷಿಯಲ್ಲಿ ಕುಣಿದರೂ ಸೂಜಿ ನರದಿಂದ ಆಚೆ ಬರುತ್ತೆ. ನಾವು ರಬ್ಬರ್ ಪಟ್ಟಿ ಕಟ್ಟುವ ಮೊದಲೇ ಆಟ ಶುರುವಾಗಿರಬೇಕು. ಕಟ್ಟಿದ ಮೇಲೆ ಒಂದು ನಿಮಿಷದೊಳಗೆ ಬಿಚ್ಚಬೇಕು ನಾವು, ಆಗ ಆ್ಯಪ್ ತೆರೆಯುತ್ತಾ ಕೂರೋಕೆ ಟೈಮ್ ಇರಲ್ಲ.

ಇನ್ನೊಂದು, ವೇನ್ ಫೈಂಡರ್ ಅಂತ ನರ ಹುಡುಕುವ ಯಂತ್ರ ಬರುತ್ತೆ. ಇನ್‌ಫ್ರಾರೆಡ್ ಬೆಳಕು ಬಿಡುತ್ತೆ, ರಕ್ತದ ಹಿಮೋಗ್ಲೋಬಿನ್ ಅದನ್ನು ಹೀರಿಕೊಳ್ಳುತ್ತೆ, ಆಗ ಚರ್ಮದ ಮೇಲೇ ನರಗಳ ನಕ್ಷೆ ಮೂಡುತ್ತೆ. ಅದೂ ಒಂಥರಾ ಎಆರ್ ಅಲ್ವಾ. ಕೆಲವು ಮಕ್ಕಳು ತಮ್ಮ ನರ ನೋಡಿಕೊಂಡೇ ಮೈಮರೆಯುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಇದೆಯಾ ಕೇಳಿ.

ನರ್ಸ್_ಸುಮಾ, ಕ್ಯಾಲಿಫೋರ್ನಿಯಾ:

ನಾನು ಇಲ್ಲಿ ಮಕ್ಕಳ ವಾರ್ಡ್‌ನಲ್ಲಿ ನರ್ಸ್. ಸ್ಟ್ಯಾನ್‌ಫರ್ಡ್‌ನ ಮಕ್ಕಳ ಆಸ್ಪತ್ರೆಯಲ್ಲಿ ಇದಕ್ಕೆಂದೇ ಚಾರಿಯಟ್ ಅನ್ನುವ ಕಾರ್ಯಕ್ರಮ ಇದೆ. ಲಾಸ್ ಏಂಜಲೀಸ್‌ನ ಮಕ್ಕಳ ಆಸ್ಪತ್ರೆಯವರು 10ರಿಂದ 21 ವರ್ಷದವರ ಮೇಲೆ, ರಕ್ತ ತೆಗೆಯುವಾಗಲೇ ವಿಆರ್ (ಸುತ್ತಲಿನದ್ದು ಮರೆಯಾಗಿ ಪೂರ್ತಿ ಬೇರೆ ಲೋಕ ಕಾಣಿಸುವ) ಹೆಡ್‌ಸೆಟ್ ಹಾಕಿಸಿ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು, ನೋವು ಮತ್ತು ಆತಂಕ ಎರಡೂ ಕಡಿಮೆ ಕಂಡವು. ಆದರೆ 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗಿ ನೋಡುವ ಸಂಸ್ಥೆ ಕಾಕ್ರೇನ್‌ನವರು ಮಕ್ಕಳ ನೋವಿಗೆ ವಿಆರ್ ಬಗ್ಗೆ ಇದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಪುರಾವೆ ಅಷ್ಟೇನೂ ಗಟ್ಟಿ ಇಲ್ಲ ಅಂದರು. ಹಾಗಾಗಿ ಇದು ಸಹಾಯ ಮಾಡುತ್ತೆ, ಆದರೆ ಇದೊಂದನ್ನೇ ನಂಬಿ ಹೋಗಬೇಡಿ.

6 ವರ್ಷದವನಿಗೆ ಹೆಡ್‌ಸೆಟ್‌ಗಿಂತ ಎಆರ್ ಒಳ್ಳೆಯದು ಅಂತ ನನಗೆ ಅನ್ನಿಸುತ್ತೆ. ಹೆಡ್‌ಸೆಟ್ ಹಾಕಿದರೆ ಅಮ್ಮನ ಮುಖ ಕಾಣಲ್ಲ, ಯಾರೋ ಕೈ ಮುಟ್ಟಿದರೆ ಬೆಚ್ಚಿಬೀಳುತ್ತಾನೆ.

ನೋವು ನಿಜಕ್ಕೂ ಕಡಿಮೆ ಮಾಡೋದು ಮರಗಟ್ಟಿಸುವ ಕ್ರೀಮ್. ಲಿಡೋಕೇನ್, ಪ್ರಿಲೋಕೇನ್ ಎರಡೂ ಸೇರಿದ್ದು ನಮ್ಮ ದೇಶದಲ್ಲೂ ಸಿಗುತ್ತೆ. ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಒಂದು ಗಂಟೆ ಬಿಡಬೇಕು. ಹತ್ತು ನಿಮಿಷ ಬಿಟ್ಟು ಕೆಲಸ ಮಾಡಲಿಲ್ಲ ಅನ್ನುವವರೇ ಜಾಸ್ತಿ. ಆ ಜಾಗ ಬೆಳ್ಳಗಾಗಿ ನರ ಸ್ವಲ್ಪ ಕುಗ್ಗಬಹುದು, ಒರೆಸಿ ಕೆಲವು ನಿಮಿಷ ಕಾದು ಚುಚ್ಚಿದರೆ ಸರಿ. ಮಗುವಿಗೆ ಜಿ6ಪಿಡಿ ಕೊರತೆ (ಕೆಂಪು ರಕ್ತಕಣ ಕಾಪಾಡುವ ಒಂದು ಕಿಣ್ವ ಕಡಿಮೆ ಇರೋದು) ಇದೆಯಾ ಅಂತ ಡಾಕ್ಟರ್ ಹತ್ತಿರ ಕೇಳಿಯೇ ಹಚ್ಚಿ.

ಮಲಗಿಸಿ ಹಿಡಿಯೋದು ದಯವಿಟ್ಟು ನಿಲ್ಲಿಸಿ. ನಿಮ್ಮ ತೊಡೆಯ ಮೇಲೆ ನಿಮ್ಮ ಕಡೆ ಮುಖ ಮಾಡಿ ಕೂರಿಸಿಕೊಳ್ಳಿ, ಒಂದು ಕೈ ನಿಮ್ಮ ಬಗಲಿನಿಂದ ಆಚೆ ಟೇಬಲ್ ಮೇಲೆ ಬರಲಿ. ಟವೆಲ್ ನಿಮ್ಮ ಬೆನ್ನ ಹಿಂದೆ, ಅವನು ನಿಮ್ಮ ಭುಜದ ಮೇಲಿಂದ ನೋಡಲಿ, ಫೋನ್ ಅವನ ಅಪ್ಪ ಹಿಡಿಯಲಿ. ಮಕ್ಕಳಿಗೆ ಭಯ ಹುಟ್ಟಿಸೋದರಲ್ಲಿ ಸೂಜಿಗಿಂತ ಅದುಮಿ ಹಿಡಿಯೋದೇ ಮುಂದೆ.

ಹುಬ್ಬಳ್ಳಿ_ಅಪ್ಪ:

ನನ್ನ ಮಗಳಿಗೆ ಟೈಪ್ 1 ಡಯಾಬಿಟಿಸ್. ಹಿಂದಿನ ಎರಡು ಮೂರು ತಿಂಗಳ ಸಕ್ಕರೆ ಸರಾಸರಿ ನೋಡೋಕೆ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ. ಅವಳಿಗೆ ಫೋನ್ ಕೊಟ್ಟರೆ ಇನ್ನೂ ಸಿಟ್ಟು ಬರುತ್ತೆ, "ನನಗೆ ನೋಡಬೇಕು" ಅಂತಾಳೆ. ಸೂಜಿ ಹೋಗೋದು, ನೇರಳೆ ಮುಚ್ಚಳದ ಟ್ಯೂಬ್ ತುಂಬೋದು, ಎಲ್ಲ ಕಣ್ಣರಳಿಸಿ ನೋಡ್ತಾಳೆ, ಅಳಲ್ಲ. ಬೇರೆ ಕಡೆ ನೋಡು ಅಂದರೆ ಮೋಸ ಮಾಡ್ತಿದ್ದಾರೆ ಅನ್ನಿಸುತ್ತೆ ಅವಳಿಗೆ. ಅದಕ್ಕೆ ಮೊದಲು ಮಗನನ್ನೇ ಕೇಳಿ ನೋಡಿರಿ, ನೋಡ್ತೀಯೋ ಆಡ್ತೀಯೋ ಅಂತ. ಮತ್ತೆ ಮನೆಯಲ್ಲಿ ದಿನಾ ಅದೇ ಆಟ ಕೊಟ್ಟರೆ ಅಲ್ಲಿ ಹೋದಾಗ ಬೇಜಾರಾಗಿರುತ್ತೆ, ಲ್ಯಾಬ್‌ಗೆ ಅಂತಲೇ ಬೇರೆ ಇಡಿ.

ಶಿವಮೊಗ್ಗದ_ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಕ್ರೀಮ್ ಬಗ್ಗೆ ನಮಗೆ ಯಾರೂ ಹೇಳೇ ಇರಲಿಲ್ಲ. ಸುಮಾ ಅವರೇ, "ನೋವಾಗಲ್ಲ ಪುಟ್ಟ" ಅಂತ ಹೇಳಬಹುದಾ? ಮಂಜು, ಕ್ರೀಮ್ ಯಾವ ಕೈಗೆ ಹಚ್ಚಲಿ?

ನರ್ಸ್_ಸುಮಾ:

ಹೇಳಬೇಡಿ. ಒಂದು ಸಲ ನೋವಾದರೆ ಮುಂದೆ ನಿಮ್ಮ ಮಾತು ನಂಬಲ್ಲ. "ಏನೂ ಆಗಲ್ಲ, ಏನೂ ಆಗಲ್ಲ" ಅಂತ ಪದೇ ಪದೇ ಹೇಳಿದರೂ ಮಕ್ಕಳಿಗೆ ಏನೋ ಆಗುತ್ತೆ ಅಂತಲೇ ಅನ್ನಿಸುತ್ತೆ. "ಕೈ ಒತ್ತಿದ ಹಾಗೆ ಆಗಬಹುದು, ನಾನು ಹಿಡ್ಕೊಂಡಿರ್ತೀನಿ" ಅನ್ನಿ ಸಾಕು. ಆಮೇಲೆ ಮಾತೆಲ್ಲ ಆಟದ ಮೇಲೇ ಇರಲಿ, ಹುಲಿ ಎಲ್ಲಿ ಹೋಯ್ತು, ಬಾಲ ಎಲ್ಲಿದೆ ಅಂತ.

ಲ್ಯಾಬ್_ಮಂಜು:

ಎರಡೂ ಕೈಗೆ ಹಚ್ಚಿ, ಒಂದರಲ್ಲಿ ನರ ಸಿಗದೇ ಇದ್ದರೆ ಇನ್ನೊಂದು ಇರುತ್ತೆ. ಎಷ್ಟು ಹಚ್ಚಬಹುದು ಅಂತಲೂ ಡಾಕ್ಟರನ್ನೇ ಕೇಳಿ. ಕಳೆದ ಸಲ ಯಾವ ಜಾಗದಲ್ಲಿ ಸುಲಭವಾಗಿ ಸಿಕ್ಕಿತು ಅಂತ ಸಿಸ್ಟರ್‌ಗೆ ಕೇಳಿ ಪೆನ್‌ನಲ್ಲಿ ಗುರುತು ಹಾಕಿಸಿ ಫೋಟೋ ತೆಗೆದಿಟ್ಟುಕೊಳ್ಳಿ, ಅಲ್ಲೇ ಹಚ್ಚಬಹುದು. ಹೋಗುವ ಮುಂಚೆ ಲ್ಯಾಬ್‌ಗೆ ಫೋನ್ ಮಾಡಿ ರಶ್ ಇಲ್ಲದ ಹೊತ್ತು ಯಾವುದು ಅಂತ ಕೇಳಿ. ಬೆಳಗ್ಗೆ ಖಾಲಿ ಹೊಟ್ಟೆಯವರ ಸಾಲು ಮುಗಿದ ಮೇಲೆ ನಮಗೂ ನಿಧಾನ ಮಾಡೋಕೆ ಸಮಯ ಸಿಗುತ್ತೆ. ಅವನಿಗೆ ಖಾಲಿ ಹೊಟ್ಟೆಯ ಟೆಸ್ಟ್ ಇಲ್ಲದಿದ್ದರೆ ತಿಂಡಿ ತಿನ್ನಿಸಿ, ನೀರು ಚೆನ್ನಾಗಿ ಕುಡಿಸಿ ಕರೆದುಕೊಂಡು ಬನ್ನಿ.