ಎಚ್‌ಡಿ 600 ಸಾಕೇ, 800 ಎಸ್ ಬೇಕೇ?

ಪ್ರಶ್ನೆ (ತುಮಕೂರು):
ಬಟವಾಡಿಯಲ್ಲಿ ಹೆದ್ದಾರಿಗೆ ಅಂಟಿಕೊಂಡ ಮನೆ ನಮ್ಮದು. ರಾತ್ರಿ ಲಾರಿಗಳ ಸದ್ದು ಇಳಿದ ಮೇಲೆ ಕರ್ನಾಟಕ ಸಂಗೀತ ಕೇಳುವುದು ನನ್ನ ಚಟ. ಇರುವುದು ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್. ಸ್ನೇಹಿತರ ಮನೆಯಲ್ಲಿ ಅದೇ ಕಂಪನಿಯ ದುಬಾರಿ ಎಚ್‌ಡಿ 800 ಎಸ್ ಕೇಳಿದೆ. ವೀಣೆಯ ತಂತಿಯ ಮೇಲೆ ಬೆರಳು ಜಾರುವ ಸದ್ದೂ ಬಿಡಿಯಾಗಿ ಕೇಳಿಸಿತು, ತಂಬೂರಿ ಹಿಂದೆಲ್ಲೋ ಕುಳಿತಂತಿತ್ತು. ಆದರೆ ಗಾಯಕರ ಕಂಠ ಸೊರಗಿತ್ತು. ಇಷ್ಟು ದುಡ್ಡು ಸುರಿದು ಕಂಠವನ್ನೇ ಕಳೆದುಕೊಳ್ಳಬೇಕೇ?

ಉತ್ತರ 1:
ನಿಮ್ಮ ಕಿವಿ ಸರಿಯಾಗಿಯೇ ಇದೆ ಸರ್. 800 ಎಸ್‌ನ 56 ಮಿ.ಮೀ. ಉಂಗುರಾಕಾರದ ಡ್ರೈವರ್ (ಸದ್ದು ಹೊರಡಿಸುವ ಭಾಗ) ಕಿವಿಯಿಂದ ತುಸು ದೂರದಲ್ಲಿ, ಓರೆಯಾಗಿ ಕೂರುತ್ತದೆ. ಆ ವೈಶಾಲ್ಯ ಅದರಿಂದ. 1997ರಲ್ಲಿ ಬಂದ 600ರ ಜೀವಾಳವೇ ಮಧ್ಯದ ಆವರ್ತನಗಳು, ಅಂದರೆ ಕಂಠ.

ಉತ್ತರ 2:
ಆಂಪ್ (ಆಂಪ್ಲಿಫೈಯರ್) ಯಾವುದು? ಎರಡೂ 300 ಓಮ್ ವಿದ್ಯುತ್ ತಡೆಯವು, ಮೊಬೈಲ್‌ಗೆ ಸಿಕ್ಕಿಸಿ ತೀರ್ಪು ಕೊಡಬೇಡಿ. ಸದ್ದಿನ ಮಟ್ಟ ಸಮ ಮಾಡಿ ಹೋಲಿಸಿ. ತುಸು ಜೋರಾಗಿರುವುದೇ ಕಿವಿಗೆ ಚೆನ್ನ ಅನ್ನಿಸಿಬಿಡುತ್ತದೆ.

ಉತ್ತರ 3:
ಎರಡೂ ಹೆಡ್‌ಫೋನ್‌ಗಳ ಬೆನ್ನು ತೆರೆದಿದೆ, ಸದ್ದು ತಡೆಯುವುದಿಲ್ಲ. ಲಾರಿ ಒಳಗೆ ಬರುತ್ತದೆ, ಕಛೇರಿ ಹೊರಗೆ ಹೋಗುತ್ತದೆ. ಮನೆಯವರು ಒಪ್ಪಿದ್ದಾರೆಯೇ?

ಪ್ರಶ್ನೆ ಕೇಳಿದವರು:
ಮನೆಯವರಿಗೆ ಬೆಲೆಯನ್ನೇ ಹೇಳಿಲ್ಲ. ಸದ್ಯಕ್ಕೆ 600ಕ್ಕೇ ಒಳ್ಳೆಯ ಆಂಪ್ ಹುಡುಕುತ್ತೇನೆ.